ಸಿಂಗಾಪುರದ ಮೃಗಾಲಯದಲ್ಲಿ ಒಂದು ದಿನ: ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಾಪುರಕ್ಕೆ ಮೂರ್ನಾಲ್ಕು ದಿನದ ಪ್ರವಾಸ ಹೊರಟವರು ಅದರಲ್ಲಿ ಒಂದು ದಿನವನ್ನು ಮೃಗಾಲಯಕ್ಕೆ ಎತ್ತಿಡುವುದು ವಾಡಿಕೆ. ಮಕ್ಕಳು, ಅಜ್ಜ–ಅಜ್ಜಿಯರ ಜೊತೆ ಹೋಗುವವರ ಪ್ರಶ್ನೆಗಳೇ ಇಲ್ಲಿ ಹೆಚ್ಚು.

ಸಿಂಗಾಪುರದಲ್ಲಿ ಇರುವುದು ಒಂದೇ ಮೃಗಾಲಯವೇ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ. ಊರಿನ ಉತ್ತರಕ್ಕೆ ಮಂದಾಯ್ ಎಂಬ ಕಾಡು ಪ್ರದೇಶವಿದೆ. ಒಂದರ ಪಕ್ಕ ಒಂದರಂತೆ ಐದು ಉದ್ಯಾನಗಳು ಅಲ್ಲಿವೆ: 1973ರಲ್ಲಿ ತೆರೆದ ಸಿಂಗಾಪುರ ಝೂ, 1994ರ ನೈಟ್ ಸಫಾರಿ, ನದಿಯ ಪ್ರಾಣಿಗಳ ರಿವರ್ ವಂಡರ್ಸ್, 2023ರಲ್ಲಿ ತೆರೆದ ಬರ್ಡ್ ಪ್ಯಾರಡೈಸ್, 2025ರ ರೈನ್‌ಫಾರೆಸ್ಟ್ ವೈಲ್ಡ್ ಏಷ್ಯಾ. ಐದಕ್ಕೂ ಬೇರೆ ಬೇರೆ ಗೇಟು, ಬೇರೆ ಬೇರೆ ಟಿಕೆಟ್. ಹಳೆಯ ಮಾಹಿತಿ ನೋಡಿಕೊಂಡು ಜುರಾಂಗ್ ಪಕ್ಷಿಧಾಮ ಹುಡುಕುವವರು ಈಗಲೂ ಇದ್ದಾರೆ. ಅದು 2023ರ ಜನವರಿಯಲ್ಲೇ ಮುಚ್ಚಿತು, ಹಕ್ಕಿಗಳೆಲ್ಲ ಮಂದಾಯ್‌ಗೆ ಬಂದವು.

ಪಾಂಡಾ ಇರುವುದು ರಿವರ್ ವಂಡರ್ಸ್‌ನಲ್ಲಿ, ಝೂನಲ್ಲಿ ಅಲ್ಲ. ಪಾಂಡಾ ನೋಡಲೆಂದೇ ನಿಮ್ಮ ಮಗು ಹೊರಟಿದ್ದರೆ ಟಿಕೆಟ್ ಮಾಡುವ ಮುಂಚೆಯೇ ಇದು ತಿಳಿದಿರಲಿ. ಗೇಟಿನ ಹತ್ತಿರ ಹೋದ ಮೇಲೆ ಸಮಾಧಾನ ಮಾಡುವುದು ಕಷ್ಟ.

ಟ್ರಾವೆಲ್ಸ್‌ನವರ ಪ್ಯಾಕೇಜಿನಲ್ಲೇ ಝೂ ಇದೆ ಅಂದರು. ಮತ್ತೇನು ನೋಡಬೇಕು?

ಯಾವ ಉದ್ಯಾನ, ಒಳಗೆ ಎಷ್ಟು ಗಂಟೆ ಬಿಡುತ್ತಾರೆ ಎಂಬ ಎರಡನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಹಳಷ್ಟು ಪ್ಯಾಕೇಜುಗಳಲ್ಲಿ ಇರುವುದು ನೈಟ್ ಸಫಾರಿ ಮಾತ್ರ. ಸಂಜೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಟ್ರಾಮಿನಲ್ಲಿ (ಉದ್ಯಾನದೊಳಗೆ ಸುತ್ತುವ ತೆರೆದ ಬಂಡಿ) ಒಂದು ಸುತ್ತು ಹಾಕಿಸಿ, ಹತ್ತು ಗಂಟೆಗೆ ಹೋಟೆಲಿಗೆ ಬಿಡುತ್ತಾರೆ. ಅದು ಕೆಟ್ಟದ್ದೇನಲ್ಲ, ಆದರೆ ಮೃಗಾಲಯದಲ್ಲಿ ಕಳೆದ ಒಂದು ದಿನ ಎಂದು ಅದನ್ನು ಕರೆಯಲಾಗದು. ಹಗಲಿನ ಝೂಗೆ ಎರಡೂವರೆ ಗಂಟೆ ಕೊಡುವ ಪ್ಯಾಕೇಜಾದರೆ ಅದನ್ನು ತೆಗೆಸಿ, ನೀವೇ ಹೋಗುವುದು ಮೇಲು. ಸುಮಾರು 28 ಹೆಕ್ಟೇರ್ ಅಂದರೆ ಎಪ್ಪತ್ತು ಎಕರೆ ಜಾಗ ಅದು. ಎರಡೂವರೆ ಗಂಟೆಯಲ್ಲಿ ಓಡಾಟವಷ್ಟೇ ಆಗುತ್ತದೆ, ನೋಡುವುದು ಆಗುವುದಿಲ್ಲ.

ಟಿಕೆಟ್ ಇಲ್ಲಿಂದಲೇ ಮಾಡಿಕೊಳ್ಳಬೇಕೇ?

ಹೌದು, ಆನ್‌ಲೈನ್‌ನಲ್ಲಿ. ದಿನಾಂಕದ ಜೊತೆ ಒಳಹೋಗುವ ಹೊತ್ತನ್ನೂ ಆರಿಸಬೇಕು. 3ರಿಂದ 12 ವರ್ಷದವರಿಗೆ ಮಕ್ಕಳ ದರ, ಮೂರು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಒಂದಕ್ಕಿಂತ ಹೆಚ್ಚು ಉದ್ಯಾನ ನೋಡುವವರಿಗೆ ಸೇರಿಸಿ ಕೊಡುವ ಟಿಕೆಟ್‌ಗಳಿವೆ, ಬಿಡಿ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ.

ಬೇರೆ ಆ್ಯಪ್‌ಗಳಲ್ಲಿ ರಿಯಾಯಿತಿ ದರಕ್ಕೆ ಸಿಗುವ ಟಿಕೆಟ್ ಕೆಲವೊಮ್ಮೆ ದಿನಾಂಕವಿಲ್ಲದ ವೋಚರ್ ಆಗಿರುತ್ತದೆ. ಅಂಥದ್ದಕ್ಕೆ ಹೊತ್ತನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು. ಹಣ ಕಟ್ಟಿಯಾಯಿತಲ್ಲ ಎಂದು ಸುಮ್ಮನಿದ್ದವರಿಗೆ ಶನಿವಾರ ಸಂಜೆ ನೈಟ್ ಸಫಾರಿಯಲ್ಲಿ ರಾತ್ರಿ ಒಂಬತ್ತರ ನಂತರದ ಹೊತ್ತು ಮಾತ್ರ ಉಳಿದಿರುವ ಸಂದರ್ಭಗಳುಂಟು.

ಯಾವ ತಿಂಗಳು, ಯಾವ ವಾರ ಒಳ್ಳೆಯದು?

ಸಿಂಗಾಪುರ ಭೂಮಧ್ಯರೇಖೆಯಿಂದ ಒಂದೇ ಡಿಗ್ರಿ ಮೇಲಿದೆ, ಬೇಸಿಗೆ–ಚಳಿಗಾಲ ಎಂಬ ಭೇದವಿಲ್ಲ. ಮಳೆ ಯಾವಾಗ ಬೇಕಾದರೂ ಬರಬಹುದು. ನವೆಂಬರಿನಿಂದ ಜನವರಿಯವರೆಗೆ ಸ್ವಲ್ಪ ಹೆಚ್ಚು. ತಿಂಗಳಿಗಿಂತ ನೋಡಬೇಕಾದ್ದು ಅಲ್ಲಿಯ ಶಾಲೆಗಳ ರಜೆ. ಜೂನ್ ತಿಂಗಳು, ನವೆಂಬರ್ ಮೂರನೇ ವಾರದಿಂದ ವರ್ಷದ ಕೊನೆಯವರೆಗೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಒಂದೊಂದು ವಾರ ಅಲ್ಲಿ ರಜೆ. ನಮ್ಮ ಏಪ್ರಿಲ್–ಮೇ ರಜೆಯಲ್ಲೂ ದಸರಾ ರಜೆಯಲ್ಲೂ ಬಹುಪಾಲು ಅಲ್ಲಿ ಶಾಲೆ ನಡೆಯುತ್ತಿರುತ್ತದೆ. ಹಾಗಾಗಿ ನಮ್ಮವರಿಗೆ ಇದು ಅನುಕೂಲ. ಮಂಗಳವಾರದಿಂದ ಗುರುವಾರದೊಳಗೆ ಹೋಗಿ. ಮೈಸೂರು ಮೃಗಾಲಯದಂತೆ ಮಂಗಳವಾರ ರಜೆ ಇರಬಹುದೆಂಬ ಅಳುಕು ಬೇಡ, ಅಲ್ಲಿ ವಾರವಿಡೀ ತೆರೆದಿರುತ್ತದೆ.

ವಿಮಾನ ಇಳಿದ ದಿನವೇ ಝೂಗೆ ಹೋಗಬಹುದೇ?

ಹೋಗಬೇಡಿ. ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಹೊರಡುವ ಹಲವು ವಿಮಾನಗಳು ರಾತ್ರಿ ಹೊತ್ತಿನವು. ಮೂರು ಗಂಟೆ ಮುಂಚೆ ವಿಮಾನ ನಿಲ್ದಾಣದಲ್ಲಿರಬೇಕು. ಹಾಸನದಿಂದ ದೇವನಹಳ್ಳಿಗೆ ಐದು ಗಂಟೆ, ಚಿಕ್ಕಮಗಳೂರಿನಿಂದ ಆರು ಗಂಟೆಯಾದರೂ ಇಟ್ಟುಕೊಳ್ಳಬೇಕು. ಭಾನುವಾರ ಸಂಜೆಯಾದರೆ ನೆಲಮಂಗಲದ ಟ್ರಾಫಿಕ್ಕಿಗೆಂದೇ ಇನ್ನೊಂದು ಗಂಟೆ. (ಊರೊಳಗೆ ನುಗ್ಗದೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುವುದು ಒಳ್ಳೆಯದು.) ಅಂದರೆ ಮಧ್ಯಾಹ್ನ ಊಟಕ್ಕೆ ಮುಂಚೆ ಮನೆ ಬಿಟ್ಟವರು, ನಾಲ್ಕೂವರೆ ಗಂಟೆ ವಿಮಾನದಲ್ಲಿ ಅರೆನಿದ್ದೆ ಮಾಡಿ, ಬೆಳಗ್ಗೆ ಇಳಿಯುತ್ತಾರೆ. ಹೋಟೆಲ್ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು–ಮೂರು ಗಂಟೆಗೆ. ಕೋಣೆ ಸಿಗುವವರೆಗೆ ಝೂ ನೋಡಿಬಿಡೋಣ ಎನ್ನಿಸುವುದು ಸಹಜ. ಆದರೆ ಹನ್ನೊಂದು ಗಂಟೆಯ ಸೆಕೆಗೆ ಮೊದಲು ಸೋಲುವವರು ಮಕ್ಕಳು, ಆಮೇಲೆ ದೊಡ್ಡವರ ತಾಳ್ಮೆ.

ಇನ್ನೊಂದು ಸಂಗತಿ: ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಝೂ ಬಾಗಿಲು ತೆಗೆಯುವ ಎಂಟೂವರೆ ನಮ್ಮ ಬೆಳಗಿನ ಆರು ಗಂಟೆ. ಎರಡನೆಯ ದಿನಕ್ಕಿಂತ ಮೂರನೆಯ ದಿನ ಬೇಗ ಏಳುವುದು ಸುಲಭ.

ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು?

ಇರಬಾರದ್ದನ್ನು ಮೊದಲು ಹೇಳುತ್ತೇವೆ. ಗಸಗಸೆ ಸಿಂಗಾಪುರದಲ್ಲಿ ನಿಷಿದ್ಧ. ಬಿಡಿ ಗಸಗಸೆ ಮಾತ್ರವಲ್ಲ, ಗಸಗಸೆ ಉದುರಿಸಿದ ಕಜ್ಜಾಯ, ಅದನ್ನು ಹಾಕಿ ಮಾಡಿದ ಮಸಾಲೆಪುಡಿಯನ್ನೂ ಮನೆಯಲ್ಲೇ ಬಿಡಿ. ಗುಟ್ಕಾ, ಹೊಗೆಸೊಪ್ಪು, ಇ-ಸಿಗರೇಟ್, ಚ್ಯೂಯಿಂಗ್ ಗಮ್ ಯಾವುದೂ ಕೂಡದು. ರಸ್ತೆಯಲ್ಲಿ ಉಗುಳಿದರೂ ದಂಡವಿದೆ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆಗಳಿಗೆ ಅಲ್ಲಿಯ ಆರೋಗ್ಯ ಇಲಾಖೆಯ ಅನುಮತಿಯನ್ನು ಮುಂಚೆಯೇ ಪಡೆಯಬೇಕು. ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಕೋಡುಬಳೆ, ಚಟ್ನಿಪುಡಿ, ಮನೆಯ ಕಾಫಿಪುಡಿಗೆ ಯಾರೂ ತಕರಾರು ಮಾಡುವುದಿಲ್ಲ.

ಝೂ ದಿನದ ಬೆನ್ನಚೀಲಕ್ಕೆ: ತಲಾ ಒಂದು ಲೀಟರಿನ ನೀರಿನ ಬಾಟಲಿ (ನಲ್ಲಿ ನೀರನ್ನೇ ಕುಡಿಯಬಹುದು, ಅಲ್ಲಲ್ಲಿ ತುಂಬಿಸಿಕೊಳ್ಳಲು ವ್ಯವಸ್ಥೆ ಇದೆ), ಓಆರ್‌ಎಸ್ ಎರಡು ಪ್ಯಾಕೆಟ್, ತೆಳು ಮಳೆಕೋಟು, ಮಕ್ಕಳಿಗೆ ಒಂದು ಜೊತೆ ಬದಲಿ ಬಟ್ಟೆ, ಟವೆಲ್ಲು, ಪವರ್ ಬ್ಯಾಂಕ್. ಶೌಚಾಲಯಗಳು ಸ್ವಚ್ಛವಾಗಿವೆ, ಆದರೆ ನೀರಿನ ಪೈಪು ಎಲ್ಲ ಕಡೆ ಸಿಗದು. ಖಾಲಿ ಅರ್ಧ ಲೀಟರ್ ಬಾಟಲಿ ಒಂದಿರಲಿ. ಅಲ್ಲಿಯ ಪ್ಲಗ್ ಚೌಕ ಪಿನ್ನಿನ ಮೂರು ಕಾಲಿನದು. ಅಡಾಪ್ಟರ್ ಇಲ್ಲದಿದ್ದರೆ ರಾತ್ರಿ ಮೊಬೈಲ್ ಚಾರ್ಜ್ ಆಗುವುದಿಲ್ಲ, ಬೆಳಗ್ಗೆ ಟಿಕೆಟ್ ತೋರಿಸಲು ಮೊಬೈಲ್ ಇರುವುದಿಲ್ಲ.

ಭಾರತೀಯರ ಬಡಾವಣೆ ಲಿಟಲ್ ಇಂಡಿಯಾದಲ್ಲಿ ಉಳಿದರೆ ಝೂಗೆ ಹೇಗೆ ಹೋಗುವುದು?

ಲಿಟಲ್ ಇಂಡಿಯಾ ನಿಲ್ದಾಣದಲ್ಲಿ ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್ ಹತ್ತಿ, ಮುಂದಿನ ನಿಲ್ದಾಣ ಧೋಬಿ ಘಾಟ್‌ನಲ್ಲೇ ಇಳಿಯಿರಿ. ಅಲ್ಲಿ ಕೆಂಪು ಬಣ್ಣದ ನಾರ್ತ್ ಸೌತ್ ಲೈನ್‌ಗೆ ಬದಲಾಯಿಸಿ, ಜುರಾಂಗ್ ಈಸ್ಟ್ ಕಡೆಗೆ ಹೋಗುವ ರೈಲು ಹತ್ತಿ. ಹತ್ತನೆಯ ನಿಲ್ದಾಣ ಖತೀಬ್. ಅಲ್ಲಿಂದ ಮಂದಾಯ್‌ಗೆ ಶಟಲ್ ಬಸ್ಸು ಹೊರಡುತ್ತದೆ. ಎಲ್ಲ ಸೇರಿ ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ಆರ್ಚರ್ಡ್ ರಸ್ತೆ, ಮರೀನಾ ಬೇ ಕಡೆ ಉಳಿದವರು ಕಂದು ಬಣ್ಣದ ಥಾಮ್ಸನ್ ಈಸ್ಟ್ ಕೋಸ್ಟ್ ಲೈನ್‌ನಲ್ಲಿ ಸ್ಪ್ರಿಂಗ್‌ಲೀಫ್ ತನಕ ಹೋಗಿ 138 ನಂಬರಿನ ಬಸ್ಸು ಹಿಡಿಯಬಹುದು.

ರೈಲಿನಲ್ಲಿ ತಿನ್ನುವುದು, ಕುಡಿಯುವುದು ಎರಡೂ ನಿಷಿದ್ಧ. ನೀರೂ ಸೇರಿ. ಬೆಳಗಿನ ತಿಂಡಿ ಡಬ್ಬಿ ಬಿಚ್ಚುವುದು ಇಳಿದ ಮೇಲೆ.

ಐದಾರು ಜನ ಇದ್ದರೆ, ಅದರಲ್ಲೂ ವಯಸ್ಸಾದವರಿದ್ದರೆ, ಹೋಗುವಾಗ ಆರು ಸೀಟಿನ ಟ್ಯಾಕ್ಸಿಯನ್ನು ಆ್ಯಪಿನಲ್ಲಿ ಕರೆಸುವುದು ಜಾಣತನ. ಕಾಲಿನ ಶಕ್ತಿ ಝೂ ಒಳಗೆ ಬೇಕು.

ರೈಲಿನ ಗೇಟಿನಲ್ಲಿ ನಮ್ಮ ಕಾರ್ಡ್ ಕೆಲಸ ಮಾಡುತ್ತದೆಯೇ?

ವೀಸಾ, ಮಾಸ್ಟರ್‌ಕಾರ್ಡ್ ಗುರುತಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ತಾಗಿಸಿದರೆ ಗೇಟು ತೆರೆಯುತ್ತದೆ. ತೆರೆಯದಿದ್ದರೆ ಕಾರಣ ಬಹುತೇಕ ಒಂದೇ. ನಮ್ಮ ಬ್ಯಾಂಕುಗಳ ಕಾರ್ಡಿನಲ್ಲಿ ವಿದೇಶಿ ಬಳಕೆ ಮೊದಲಿನಿಂದಲೂ ಮುಚ್ಚಿರುತ್ತದೆ. ನಾವೇ ಬ್ಯಾಂಕ್ ಆ್ಯಪಿನಲ್ಲಿ ತೆರೆಯಬೇಕು. ಅಂತರರಾಷ್ಟ್ರೀಯ ಬಳಕೆ, ಕಾಂಟ್ಯಾಕ್ಟ್‌ಲೆಸ್ ಬಳಕೆ ಎರಡೂ ಬೇರೆ ಬೇರೆ ಗುಂಡಿಗಳು. ಒಂದನ್ನು ಆನ್ ಮಾಡಿ ಇನ್ನೊಂದನ್ನು ಮರೆಯುವವರೇ ಜಾಸ್ತಿ. ಇದನ್ನು ಊರಿನಲ್ಲಿರುವಾಗಲೇ ಮುಗಿಸಿ. ಅಲ್ಲಿ ಹೋದ ಮೇಲೆ ಓಟಿಪಿ ಬರುವ ಸಿಮ್ ರೋಮಿಂಗ್ ಇಲ್ಲದೆ ಸತ್ತಿರುತ್ತದೆ.

ಒಬ್ಬರಿಗೆ ಒಂದು ಕಾರ್ಡ್. ಹತ್ತುವಾಗ ತಾಗಿಸಿದ್ದನ್ನೇ ಇಳಿಯುವಾಗಲೂ ತಾಗಿಸಬೇಕು. ಎಲ್ಲರಿಗೂ ಕಾರ್ಡ್ ಇಲ್ಲದಿದ್ದರೆ ಮೊದಲೇ ಹಣ ತುಂಬಿಸಿಕೊಳ್ಳುವ ಅಲ್ಲಿಯ ಈಝಿ-ಲಿಂಕ್ ಕಾರ್ಡ್ ಕೊಳ್ಳಿ. 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ದೊಡ್ಡವರ ಜೊತೆ ಪ್ರಯಾಣ ಉಚಿತ.

ಕಾಡಾನೆಯನ್ನು ತೋಟದಲ್ಲೇ ನೋಡುವ ನಮಗೆ ಅಲ್ಲಿ ನೋಡಲು ಏನಿದೆ?

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರು ಕೇಳಲೇಬೇಕಾದ ಪ್ರಶ್ನೆ. ಆನೆ, ಜಿಂಕೆಗಳ ಮುಂದೆ ಅರ್ಧ ಗಂಟೆ ಕಳೆಯಲು ಸಮುದ್ರ ದಾಟಬೇಕಿಲ್ಲ. ನಮ್ಮ ಕಾಡಿನಲ್ಲೂ ಮೈಸೂರಿನಲ್ಲೂ ಸುಲಭವಾಗಿ ಸಿಗುವುದನ್ನು ದಾರಿಯಲ್ಲಿ ಕಂಡಷ್ಟೇ ನೋಡಿ, ಹೊತ್ತನ್ನು ಬೇರೆಯವುಗಳಿಗೆ ಉಳಿಸಿ.

ಮೊದಲನೆಯದು ಒರಾಂಗುಟಾನ್ ಎಂಬ ಬಾಲವಿಲ್ಲದ ದೊಡ್ಡ ವಾನರ. ಇಲ್ಲಿ ಅವು ತಲೆಯ ಮೇಲಿನ ಮರಗಳಲ್ಲಿ, ಹಗ್ಗಗಳಲ್ಲಿ ಓಡಾಡುತ್ತವೆ. ಕೆಳಗಿನ ಮರದ ಹಾದಿಯಲ್ಲಿ ನಿಂತು ಒಂದನ್ನೇ ಹತ್ತು ನಿಮಿಷ ಗಮನಿಸಿ. ಎರಡು ಕೈಯಲ್ಲಿ ಹಣ್ಣು ಸುಲಿಯುತ್ತಿರುವಾಗ ಕಾಲಿನ ಬೆರಳುಗಳು ಕೊಂಬೆಯನ್ನು ಕೈಯಷ್ಟೇ ಗಟ್ಟಿಯಾಗಿ ಹಿಡಿದಿರುತ್ತವೆ. ಒಂದು ಹಿಡಿತ ಭದ್ರವಾಗುವವರೆಗೆ ಇನ್ನೊಂದನ್ನು ಬಿಡುವುದಿಲ್ಲ. ನಮ್ಮ ಕೋತಿಗಳಂತೆ ಕೊಂಬೆಯಿಂದ ಕೊಂಬೆಗೆ ನೆಗೆಯುವ ಆತುರವೇ ಇಲ್ಲ, ಅಷ್ಟು ಭಾರದ ಮೈಗೆ ಬಿದ್ದರೆ ಉಳಿಗಾಲವಿಲ್ಲ. ಮರಿಗಳು ಆರೇಳು ವರ್ಷ ತಾಯಿಯ ಜೊತೆಯೇ ಇರುತ್ತವೆ.

ಎರಡನೆಯದು ಬೋರ್ನಿಯೋ ದ್ವೀಪದಲ್ಲಿ ಮಾತ್ರ ಇರುವ ಪ್ರೊಬೊಸಿಸ್ ಮಂಗ. ಗಂಡಿನ ಮೂಗು ಬಾಯಿಯ ಮೇಲೆ ಇಳಿಬಿದ್ದಿರುತ್ತದೆ. ತಿನ್ನುವಾಗ ಕೆಲವು ಗಂಡುಗಳು ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿಕೊಳ್ಳಬೇಕಾಗುತ್ತದೆ. ಹೊಟ್ಟೆ ಗುಡಾಣದಂತೆ ಉಬ್ಬಿರುವುದು ಎಲೆ ಕೊಳೆಸಿ ಅರಗಿಸಲು.

ಗುಂಪುಗಳು ನಿಲ್ಲದೆ ದಾಟಿಹೋಗುವ ಜಾಗ ನೇಕೆಡ್ ಮೋಲ್ ರ್ಯಾಟ್‌ಗಳದ್ದು. ಕೂದಲಿಲ್ಲದ, ಸುಕ್ಕುಗಟ್ಟಿದ ಇಲಿಗಳು, ಜೇನಿನ ಹಾಗೆ ಒಂದು ರಾಣಿಯ ಸಂಸಾರ. ಅವುಗಳ ಹಲ್ಲು ತುಟಿಯ ಹೊರಗಿದೆ. ತುಟಿ ಹಲ್ಲಿನ ಹಿಂದೆ ಮುಚ್ಚಿಕೊಳ್ಳುವುದರಿಂದ ಬಿಲ ತೋಡುವಾಗ ಮಣ್ಣು ಬಾಯಿಗೆ ಹೋಗುವುದಿಲ್ಲ. ಮಾಮೂಲಿ ಇಲಿ ಎರಡು ಮೂರು ವರ್ಷ ಬದುಕಿದರೆ ಇದು ಮೂವತ್ತು ವರ್ಷ ಬದುಕುತ್ತದೆ. ಕಣ್ಣು ಮಂಕು ಬೆಳಕಿಗೆ ಒಗ್ಗಲು ಎರಡು ನಿಮಿಷ ಕೊಡಿ.

ಕೊಮೊಡೊ ಡ್ರ್ಯಾಗನ್ ನಮ್ಮ ಉಡದ ದಾಯಾದಿ, ಮೂರು ಮೀಟರಿನವರೆಗೆ ಬೆಳೆಯುತ್ತದೆ. ಫ್ರಾಜೈಲ್ ಫಾರೆಸ್ಟ್ ಎಂಬ ಬಲೆಮನೆಯೊಳಗೆ ನಾವೇ ನಡೆದು ಹೋಗುವುದು. ತೋಳು ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ದೊಡ್ಡ ಬಾವಲಿಗಳು ತಲೆಕೆಳಗಾಗಿ ಹಣ್ಣು ತಿನ್ನುತ್ತಿರುತ್ತವೆ. ಮರಕ್ಕೆ ಜೋತುಬಿದ್ದು ನಿಧಾನಕ್ಕೆ ಚಲಿಸುವ ಸ್ಲಾತ್ ಕೂಡ ಅಲ್ಲೇ. ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಎನ್ನುವ ನಮ್ಮ ಕರಡಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಯಾವ ಕ್ರಮದಲ್ಲಿ ನೋಡಬೇಕು?

ಎಂಟೂವರೆಗೆ ಗೇಟಿನಲ್ಲಿರಿ. ಮೊದಲ ಎರಡೂವರೆ ಗಂಟೆ ಬಂಗಾರ. ಪ್ರಾಣಿಗಳಿಗೆ ಆಹಾರ ಕೊಡುವ ಹೊತ್ತು, ಬಿಸಿಲೂ ಇಲ್ಲ. ಒರಾಂಗುಟಾನ್, ಮಂಗಗಳು, ಹುಲಿ, ಆಫ್ರಿಕಾ ವಿಭಾಗದ ಜಿರಾಫೆ–ಘೇಂಡಾಮೃಗಗಳನ್ನು ಆಗಲೇ ನಡೆದು ನೋಡಿ. ಹನ್ನೊಂದರ ನಂತರ ಹುಲಿ ಸಿಂಹಗಳು ನೆರಳಿನಲ್ಲಿ ಮಲಗಿಬಿಡುತ್ತವೆ, ಬಾಲ ಮಾತ್ರ ಕಾಣುತ್ತದೆ. ಆಗ ಹಾವು, ಹಲ್ಲಿ, ಮೋಲ್ ರ್ಯಾಟ್‌ನಂಥ ಸೂರಿನಡಿಯ ಜಾಗಗಳಿಗೆ ಹೋಗಿ. ಹನ್ನೆರಡಕ್ಕೆ ಮುಂಚೆಯೇ ಊಟ ಮುಗಿಸಿದರೆ ಸಾಲು ತಪ್ಪುತ್ತದೆ. ಎರಡರಿಂದ ಮೂರೂವರೆ ದಿನದ ಅತಿ ಕೆಟ್ಟ ಹೊತ್ತು, ಟ್ರಾಮಿನಲ್ಲಿ ಕೂತು ಸುತ್ತುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ನಾಲ್ಕರ ಮೇಲೆ ಹಾಮಡ್ರಯಾಸ್ ಬಬೂನ್ ಎಂಬ ಮಂಗಗಳ ಹಿಂಡು ನೋಡಿ. ಬೆಳ್ಳಿಕೂದಲಿನ ಗಂಡುಗಳ ಜಗಳ, ರಾಜಿ ಎಲ್ಲ ಆಗ ಚುರುಕು. ಆರಕ್ಕೆ ಮುಚ್ಚುತ್ತದೆ, ಒಳಗೆ ಬಿಡುವುದು ಐದರವರೆಗೆ.

ಪ್ರದರ್ಶನಗಳ ಹೊತ್ತು ಬದಲಾಗುತ್ತಿರುತ್ತದೆ, ಅಂದಿನ ಪಟ್ಟಿಯನ್ನು ಗೇಟಿನಲ್ಲೇ ನೋಡಿಕೊಳ್ಳಿ. ಒಂದು ಪ್ರದರ್ಶನ ಸಾಕು. ಮೂರಕ್ಕೂ ಓಡುವವರು ಕಡೆಗೆ ನೋಡುವುದು ಬೆಂಚುಗಳನ್ನು.

ಕಂಬಿಗಳೇ ಇಲ್ಲವಂತೆ, ಅಪಾಯವಿಲ್ಲವೇ?

ಕಂಬಿ ಇಲ್ಲ, ಕಂದಕವಿದೆ. ನಮ್ಮ ಕಾಡಂಚಿನಲ್ಲಿ ಆನೆಗೆಂದು ತೋಡುವ ಕಂದಕದ ಉಪಾಯವೇ ಅದು. ಇಲ್ಲಿ ಗಿಡಬಳ್ಳಿ, ನೀರಿನ ಮರೆಯಲ್ಲಿ ಅಡಗಿಸಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಪ್ರಾಣಿ ಎಷ್ಟು ದೂರ ನೆಗೆಯಬಲ್ಲದು ಎಂದು ಲೆಕ್ಕಹಾಕಿ ಅಗಲ ಇಟ್ಟಿರುತ್ತಾರೆ. ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿ ಫೋಟೋ ತೆಗೆಯುವುದೇ ನಿಜವಾದ ಅಪಾಯ.

ಗೇಟಿನ ಹೊರಗೆ, ಬಸ್ ನಿಲ್ದಾಣದ ಸುತ್ತ ಕಾಡಿನ ಕೋತಿಗಳು ಬರುತ್ತವೆ. ಅವು ಝೂನವಲ್ಲ. ಪ್ಲಾಸ್ಟಿಕ್ ಚೀಲದ ಸದ್ದಿಗೆ ಹತ್ತಿರ ಬರುತ್ತವೆ, ತಿಂಡಿ ಬ್ಯಾಗಿನೊಳಗಿರಲಿ. ಅಲ್ಲಿ ಕಾಡುಪ್ರಾಣಿಗೆ ತಿನ್ನಿಸುವುದು ಅಪರಾಧ, ದಂಡ ಸಾವಿರಾರು ಡಾಲರ್‌ವರೆಗೆ ಹೋಗಬಹುದು.

ಮಳೆ ಬಂದರೆ ದಿನವೇ ಹಾಳಾಗುವುದೇ?

ಮಲೆನಾಡಿನ ಆಷಾಢದ ಮಳೆಯಂತೆ ಹಿಡಿದುಕೊಂಡು ಕೂರುವ ಮಳೆ ಅಪರೂಪ. ಮಧ್ಯಾಹ್ನ ಗುಡುಗಿ, ಧೋ ಎಂದು ಸುರಿದು, ಗಂಟೆಯೊಳಗೆ ಬಿಡುತ್ತದೆ. ಸಿಡಿಲಿದ್ದಾಗ ಬಯಲಿನ ಪ್ರದರ್ಶನ ನಿಲ್ಲಿಸುತ್ತಾರೆ. ಕೊಡೆಗಿಂತ ಮಳೆಕೋಟು ಲೇಸು, ಮಗುವಿನ ಕೈ ಹಿಡಿಯಲು ಕೈ ಖಾಲಿ ಇರುತ್ತದೆ.

ಮಳೆಗಿಂತ ಸೆಕೆಯ ಬಗ್ಗೆ ಯೋಚಿಸಿ. ಉಷ್ಣಾಂಶ 31–32 ಡಿಗ್ರಿ ಅಷ್ಟೇ, ಆದರೆ ಗಾಳಿಯ ತೇವಕ್ಕೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಚಿಕ್ಕಮಗಳೂರಿನ ತಂಪಿಗೆ ಒಗ್ಗಿದವರಿಗೆ ಇದು ಬೇಗ ಸುಸ್ತು ತರುತ್ತದೆ. ಜೀನ್ಸ್ ಬೇಡ. ಬಾಯಾರಿಕೆ ಆಗುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ನೀರು.

ಅಮ್ಮನಿಗೆ ಮಂಡಿನೋವು. ಕರೆದುಕೊಂಡು ಹೋಗಬಹುದೇ?

ಹೋಗಬಹುದು. ದಾರಿಗಳು ಸಮತಟ್ಟು, ಗಾಲಿಕುರ್ಚಿಯೂ ಮಕ್ಕಳ ತಳ್ಳುಗಾಡಿಯೂ ಬಾಡಿಗೆಗೆ ಸಿಗುತ್ತವೆ. ಬೆಳಗ್ಗೆಯೇ ತೆಗೆದುಕೊಳ್ಳಿ. "ನಂಗ್ಯಾಕೆ ಕುರ್ಚಿ, ನಡೀತೀನಿ" ಎಂದ ಅಮ್ಮಂದಿರು ಹನ್ನೊಂದಕ್ಕೆ ಬೆಂಚು ಹುಡುಕುತ್ತಾರೆ, ಅಷ್ಟು ಹೊತ್ತಿಗೆ ಗೇಟು ದೂರ.

ಸಸ್ಯಾಹಾರ ಸಿಗುತ್ತದೆಯೇ?

ಸಿಗುತ್ತದೆ, ಆಯ್ಕೆ ಕಡಿಮೆ. ಹೇಳುವಾಗ ಮೀನು, ಮೊಟ್ಟೆ, ಸಿಗಡಿ ಪುಡಿ, ಮೀನಿನ ಸಾಸ್ ಯಾವುದೂ ಬೇಡ ಎಂದು ಬಿಡಿಸಿ ಹೇಳಬೇಕು. ತರಕಾರಿ ಪಲ್ಯದಂತೆ ಕಂಡದ್ದರಲ್ಲೂ ಸಿಗಡಿ ಇರಬಹುದು. ಕಟ್ಟುನಿಟ್ಟಿನವರು ಬೆಳಗ್ಗೆ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ ಹೊಟ್ಟೆ ತುಂಬ ತಿಂದು ಹೊರಡಿ. ಅಲ್ಲಿ ಸಸ್ಯಾಹಾರಿ ಹೋಟೆಲುಗಳಿಗೆ ಬರವಿಲ್ಲ.

ಫೋಟೋ ಮಂಜು ಮಂಜಾಗಿ ಬರುತ್ತದೆ, ಏಕೆ?

ಎಸಿ ಕೋಣೆಯಿಂದ ತಂದ ತಣ್ಣನೆಯ ಲೆನ್ಸಿನ ಮೇಲೆ ತೇವದ ಗಾಳಿ ಹನಿಗಟ್ಟುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ. ಹದಿನೈದಿಪ್ಪತ್ತು ನಿಮಿಷ ಹೊರಗಿಟ್ಟರೆ ತಾನೇ ಹೋಗುತ್ತದೆ. ಗಾಜಿನಾಚೆಯ ಪ್ರಾಣಿಗೆ ಮೊಬೈಲನ್ನು ಗಾಜಿಗೆ ಅಂಟಿಸಿ ಹಿಡಿದರೆ ಪ್ರತಿಬಿಂಬ ಬರುವುದಿಲ್ಲ. ಫ್ಲಾಶ್ ಎಲ್ಲೂ ಬೇಡ, ನೈಟ್ ಸಫಾರಿಯಲ್ಲಂತೂ ಕೂಡದು.

ಹಗಲು ಝೂ, ರಾತ್ರಿ ಸಫಾರಿ, ಎರಡೂ ಒಂದೇ ದಿನ ಆಗುತ್ತದೆಯೇ?

ಗಟ್ಟಿ ಕಾಲಿನ ದೊಡ್ಡವರಿಗೆ ಆಗುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಬೇಡ, ಟ್ರಾಮಿನಲ್ಲೇ ನಿದ್ದೆ ಹೋಗುತ್ತವೆ. ಒಂದೇ ದಿನ ಎರಡು ಉದ್ಯಾನ ಬೇಕೇ ಬೇಕೆಂದರೆ ಮಧ್ಯಾಹ್ನ ಮೂರಕ್ಕೆ ರಿವರ್ ವಂಡರ್ಸ್‌ಗೆ ಹೋಗಿ. ಹೆಚ್ಚಿನ ಭಾಗ ನೆರಳಿನಲ್ಲಿದೆ, ಮೂರು ಗಂಟೆ ಸಾಕು. ಆಮೇಲೆ ಸಫಾರಿ. ಝೂಗೆ ಇನ್ನೊಂದು ದಿನ.

ಸಫಾರಿ ಸಂಜೆ ಏಳೂಕಾಲಿಗೆ ತೆರೆಯುತ್ತದೆ. ಎಲ್ಲರೂ ಮೊದಲು ಟ್ರಾಮಿಗೆ ಸಾಲು ನಿಲ್ಲುತ್ತಾರೆ. ನೀವು ನಡೆಯುವ ಹಾದಿ ಮೊದಲು ಹಿಡಿಯಿರಿ. ಲೆಪರ್ಡ್ ಟ್ರೇಲ್‌ನಲ್ಲಿ ದೊಡ್ಡ ಹಾರುವ ಅಳಿಲುಗಳ ಮನೆಯೊಳಗೆ ನಡೆಯಬಹುದು. ಮಲೆನಾಡಿನಲ್ಲಿ ಹಾರುಬೆಕ್ಕು ಎನ್ನುವ ಅದೇ ಜಾತಿಯ ಬಳಗ. ಊರಿನಲ್ಲಿ ಟಾರ್ಚು ಬಿಟ್ಟು ಹುಡುಕಿದರೂ ಕಣ್ಮರೆಯಾಗುವುದು ಅಲ್ಲಿ ತಲೆಯ ಮೇಲೆಯೇ ತೇಲಿಹೋಗುತ್ತದೆ. ಫಿಶಿಂಗ್ ಕ್ಯಾಟ್ ಟ್ರೇಲ್‌ನಲ್ಲಿ ಮೀನು ಹಿಡಿಯುವ ಕಾಡುಬೆಕ್ಕು. ಚಿಪ್ಪುಹಂದಿಯನ್ನೂ ಬಿಡದೆ ಕೇಳಿ ನೋಡಿ. ಒಂಬತ್ತರ ಮೇಲೆ ಟ್ರಾಮಿನ ಸಾಲು ಕರಗಿರುತ್ತದೆ.

ರಾತ್ರಿ ವಾಪಸ್ ಬರುವುದು?

ರೈಲು ಹನ್ನೆರಡರ ಆಸುಪಾಸಿಗೆ ಮುಗಿಯುತ್ತದೆ. ನಡುವೆ ಬದಲಾಯಿಸುವವರು ಹತ್ತೂವರೆಗೆ ಮಂದಾಯ್ ಬಿಟ್ಟರೆ ನಿಶ್ಚಿಂತೆ. ಅದಕ್ಕಿಂತ ತಡವಾದರೆ ಟ್ಯಾಕ್ಸಿಯೇ ಗತಿ. ಸಾಲಿನಲ್ಲಿ ಸಿಗುವ ಮೀಟರ್ ಟ್ಯಾಕ್ಸಿಗೆ ಮಧ್ಯರಾತ್ರಿ ದಾಟಿದರೆ ಅರ್ಧದಷ್ಟು ಹೆಚ್ಚುವರಿ ದರ ಬೀಳುತ್ತದೆ. ಆದ್ದರಿಂದ ಹನ್ನೊಂದೂವರೆಗೆಲ್ಲ ಸಾಲಿನಲ್ಲಿರಿ, ಹೋಟೆಲಿನ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಕೈಯಲ್ಲಿರಲಿ.